ಹಿತ್ತಲಿನಿಂದ ಅಡುಗೆಮನೆಗೆ: ಕಸದ ಎಣ್ಣೆ ಬಿಡಿಸಿದ ಒಂದು ವರ್ಷದ ಕೆಲಸ

ಮನೆಯೊಳಗೆ ಬರುವ ವಿಷ ಕಡಿಮೆ ಮಾಡಲು ಹೊರಟರೆ ಮೊದಲ ದಿನದ ಕೆಲಸ ತೊಳೆಯುವುದಲ್ಲ, ಎಣಿಸುವುದು. ಹುಬ್ಬಳ್ಳಿ–ಗದಗ ರಸ್ತೆಯ ಬದಿಗೆ, ಅಣ್ಣಿಗೇರಿ ಸೀಮೆಯ ಎರಿ (ಕಪ್ಪು ಮಣ್ಣಿನ) ಹೊಲಕ್ಕೆ ಬೆನ್ನು ಹಚ್ಚಿ ನಿಂತ ಮೂರು ಮನೆಗಳಲ್ಲಿ ಇದ್ದಬದ್ದ, ನಮ್ಮ ಕಡೆ 'ಎಣ್ಣಿ' ಎನ್ನುವ ಕಸ-ಹುಳದ ಔಷಧಗಳನ್ನೆಲ್ಲ ಶಿವರಾತ್ರಿ ಮುಗಿದ ಮೇಲೊಂದು ಭಾನುವಾರ ಅಂಗಳಕ್ಕೆ ತಂದು ಸಾಲಾಗಿ ಇಟ್ಟೆವು. ಕಸ (ಕಳೆ) ಸಾಯಿಸುವ ಗ್ಲೈಫೋಸೇಟಿನ ಅರ್ಧ ಉಳಿದ ಕ್ಯಾನು. ಚೀಟಿ ಕಿತ್ತುಹೋದ ಎರಡು ಬಾಟಲಿ. ಗೆದ್ದಲಿಗೆಂದು ತಂದದ್ದು, ಜಿರಲೆಗೆ ಹೊಡೆಯುವುದು, ಇರುವೆಗೆ ಗೆರೆ ಎಳೆಯುವ ಸುಣ್ಣದ ಕಡ್ಡಿ, ಸೊಳ್ಳೆ ಕಾಯಿಲ್, ಟ್ರಂಕಿನ ಡಾಂಬರು ಗುಳಿಗೆ. ಜೋಳದ ಡ್ರಮ್ಮಿನ ಬುಡದಲ್ಲಿ ಬಟ್ಟೆಗಂಟಿನೊಳಗೆ ಬೂದಿಬಣ್ಣದ ಪುಡಿ, ಅಂದರೆ ಕಾಳಿನ ಗುಳಿಗೆ ಕರಗಿ ಉಳಿದದ್ದು.

ಈ ಸಾಲನ್ನು ನೋಡಿದ ಮೇಲೆ ಕೆಲಸದ ಕ್ರಮ ತಾನೇ ನಿಂತಿತು. ವಿಷ ಕಡಿಮೆ ಮಾಡಬೇಕು ಅಂದ ಕೂಡಲೇ ಬಹಳ ಜನ ಸಾವಯವ ಅಂಗಡಿಗೆ ಓಡುತ್ತಾರೆ. ಅದು ಕೊನೆಗೆ ಮಾಡುವ ಕೆಲಸ. ಆಹಾರದಲ್ಲಿ ಉಳಿಯುವ ಅಂಶವನ್ನು ಕಿಲೋಗೆ ಮಿಲಿಗ್ರಾಮಿನ ಲೆಕ್ಕದಲ್ಲಿ ಅಳೆಯುತ್ತಾರೆ. ಪ್ರತ್ಯೇಕ ಮಿತಿ ಗೊತ್ತುಮಾಡದ ಕೀಟನಾಶಕಕ್ಕೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ (ಎಫ್‌ಎಸ್‌ಎಸ್‌ಎಐ) ಸಾಮಾನ್ಯವಾಗಿ ಇಟ್ಟಿರುವ ಮಿತಿ ಕಿಲೋಗೆ 0.01 ಮಿಲಿಗ್ರಾಂ. ಅತ್ತ 41 ಪ್ರತಿಶತದ ಗ್ಲೈಫೋಸೇಟ್ ಕ್ಯಾನಿನ ಒಂದೇ ಮಿಲಿಲೀಟರಿನಲ್ಲಿ 400 ಮಿಲಿಗ್ರಾಮಿಗೂ ಹೆಚ್ಚು ಲವಣ ಇರುತ್ತದೆ. ಮುಚ್ಚಳದಲ್ಲಿ ಅಳೆಯುವಾಗ ಬೆರಳ ಮೇಲೆ ಚೆಲ್ಲಿದ್ದೆಲ್ಲ ಚರ್ಮದೊಳಗೆ ಇಳಿಯುವುದಿಲ್ಲ, ನಿಜ. ಆದರೂ ನಮ್ಮ ಕೈಯಾರೆ ನಾವೇ ಮನೆಯೊಳಗೆ ತರುವುದನ್ನು ಹಾಗೇ ಬಿಟ್ಟು ಕೊತ್ತಂಬರಿ ತೊಳೆಯುತ್ತ ಕೂತರೆ ಲೆಕ್ಕ ಹೊಂದುವುದಿಲ್ಲ. ಹಾಗಾಗಿ ಮೊದಲು ನಾವು ಹೊಡೆಯುವುದು, ಆಮೇಲೆ ಪಕ್ಕದ ಹೊಲದಿಂದ ಹಾರಿ ಬರುವುದು, ಆಮೇಲೆ ಚಪ್ಪಲಿ-ಬಟ್ಟೆಗೆ ಅಂಟಿ ಬರುವುದು, ಎಲ್ಲಕ್ಕೂ ಕೊನೆಗೆ ತಾಟಿಗೆ ಬರುವುದು.

ಡಬ್ಬಿಯ ಮೇಲಿನ ತ್ರಿಕೋನ ಓದುವುದನ್ನು ಮನೆಮಂದಿಯೆಲ್ಲ ಕಲಿಯಬೇಕು. ಕೆಂಪು ಅತಿ ಘೋರ, ಹಳದಿ ಅದಕ್ಕಿಂತ ಕಡಿಮೆ, ಆಮೇಲೆ ನೀಲಿ, ಕೊನೆಗೆ ಹಸಿರು. ಇದರಲ್ಲೊಂದು ಮೋಸ ಇದೆ. ಆ ಬಣ್ಣ ಹೇಳುವುದು ಒಮ್ಮೆಗೇ ಮೈಗೆ ಹೋದರೆ ಎಷ್ಟು ಘಾತ ಎಂಬುದನ್ನು ಮಾತ್ರ. ಹತ್ತು ವರ್ಷ ಸ್ವಲ್ಪಸ್ವಲ್ಪವೇ ಮೈಗೆ ತಾಗಿದರೆ ಏನು ಎಂಬುದನ್ನು ಹೇಳುವುದಿಲ್ಲ. ಹಸಿರು ಇದೆ ಅಂತ ಬರಿಗೈಯಲ್ಲಿ ಕಲಸುವವರು ಮೋಸ ಹೋಗುವುದು ಇಲ್ಲೇ.

ಚೀಟಿ ಇಲ್ಲದ ಬಾಟಲಿಗಳನ್ನು ಮೂಸಿ ನೋಡಲಿಲ್ಲ, ತೆರೆಯಲೂ ಇಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕ ಇದ್ದರೂ ಇದ್ದೀತು. ಅದಕ್ಕೆ ಪ್ರತಿವಿಷ ಇಲ್ಲ, ಒಂದು ಗುಟುಕು ಸಾಕು ಜೀವ ಹೋಗಲು. ಯುರೋಪಿನ ಒಕ್ಕೂಟದಲ್ಲಿ 2007ರಿಂದ ಅದರ ಬಳಕೆ ಇಲ್ಲ. ತಂಪು ಪಾನೀಯದ ಬಾಟಲಿಗೆ ಎಣ್ಣಿ ಸುರಿದಿಡುವ ರೂಢಿಯನ್ನು ಅಂದೇ ಮುಗಿಸಬೇಕು: ಮೂಲ ಡಬ್ಬಿ, ಮೂಲ ಚೀಟಿ, ಬೀಗ. ಬೇಡವಾದದ್ದನ್ನು ಗಟಾರಕ್ಕೆ ಸುರಿಯಬಾರದು, ಸುಡಲೂ ಬಾರದು. ತೆರೆಯದ ಡಬ್ಬಿಗಳನ್ನು ಮಾರಿದ ಅಂಗಡಿಗೇ ತಿರುಗಿ ಕೊಟ್ಟೆವು; ತೆರೆದವುಗಳನ್ನು ಮನೆಯ ಅಪಾಯಕಾರಿ ಕಸವೆಂದು ಬೇರೆ ಮಾಡಿ, ಮೇಲೆ ದೊಡ್ಡದಾಗಿ 'ವಿಷ' ಎಂದು ಬರೆದು ಕಸ ಒಯ್ಯುವವರಿಗೆ ಕೊಟ್ಟೆವು. ಖಾಲಿ ಕ್ಯಾನನ್ನು ಮೂರು ಸಲ ತೊಳೆದು, ತೊಳೆದ ನೀರನ್ನು ಅದೇ ಸಿಂಪರಣೆಯ ಪಂಪಿಗೆ ಸುರಿದು, ಕ್ಯಾನಿನ ಬುಡಕ್ಕೆ ತೂತು ಹೊಡೆಯಬೇಕು. ತೂತಿಲ್ಲದ ಕ್ಯಾನು ಇನ್ನೊಬ್ಬರ ಮನೆಯಲ್ಲಿ ನೀರಿನ ಕ್ಯಾನು ಆಗುತ್ತದೆ. ಗೋಡೆಯ ಮೇಲೆ ಎರಡು ನಂಬರು ಬರೆದೆವು: 108, ಮತ್ತು ದೆಹಲಿ ಏಮ್ಸ್‌ನ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ 1800 116 117.

ಇನ್ನು ಹಿತ್ತಲು. ಮೂರು ಮನೆಯದೂ ಸೇರಿ ಸುಮಾರು ಐದು ಗುಂಟೆ, ಎರಿ ಮಣ್ಣು, ಮೂರು ಹಗೆಗಳು: ಕರಕಿ (ಗರಿಕೆ ಹುಲ್ಲು), ಜೇಕು (ಗಡ್ಡೆ ಕಟ್ಟುವ ಹುಲ್ಲು), ಕಾಂಗ್ರೆಸ್ ಕಸ (ಪಾರ್ಥೇನಿಯಂ). ಇವಕ್ಕೆ ಅಂಗಡಿಯಲ್ಲಿ ಸಿಗುವ ಸಲಹೆ ಎಲ್ಲ ಕಡೆಗೂ ಒಂದೇ: "ಏನ್ ಕುಂತು ಕಸಾ ತಗೀತೀರಿ ಸರ, ಒಂದ್ ಸಲ ಎಣ್ಣಿ ಹೊಡದ್ ಬಿಡ್ರಿ, ಹದಿನೈದ್ ದಿನದಾಗ ಎಲ್ಲಾ ಒಣಗಿ ಹೋಗತೈತಿ." ಸುಳ್ಳಲ್ಲ, ಒಣಗುತ್ತದೆ. ಗ್ಲೈಫೋಸೇಟ್ ಎಲೆಯಿಂದ ಬೇರಿಗೆ ಇಳಿದು ಗಡ್ಡೆಯನ್ನೂ ಕೊಲ್ಲುತ್ತದೆ. ಅದಕ್ಕೇ ಅದು ಅಷ್ಟು ಮಾರಾಟ. ಆದರೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಮನುಷ್ಯರಿಗೆ 'ಬಹುಶಃ ಕ್ಯಾನ್ಸರ್‌ಕಾರಕ' ಎಂಬ 2ಎ ಗುಂಪಿಗೆ ಸೇರಿಸಿತು. ಅಮೆರಿಕದ ಪರಿಸರ ಸಂಸ್ಥೆ ಅದನ್ನು ಒಪ್ಪಿಲ್ಲ, ವಾದ ಮುಗಿದಿಲ್ಲ. ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಕೀಟ ನಿಯಂತ್ರಣ ಪರವಾನಗಿ ಇದ್ದವರ ಮೂಲಕವಲ್ಲದೆ ಯಾರೂ ಬಳಸಕೂಡದು ಎಂದು ಅಧಿಸೂಚನೆ ಹೊರಡಿಸಿತು. ಮನೆಯ ಹಿತ್ತಲಿಗಂತೂ ಆ ವಾದ ಮುಗಿಯುವವರೆಗೆ ಕಾಯಬೇಕಾಗಿಲ್ಲ. ಐದು ಗುಂಟೆಯ ಕಸಕ್ಕೆ ಸಲಿಕೆ ಸಾಕು, ಹೊತ್ತು ಗೊತ್ತಿದ್ದರೆ.

ಕರಕಿಗೆ ಹೊತ್ತು ಮಾರ್ಚ್–ಏಪ್ರಿಲ್. ಎರಿ ಮಣ್ಣು ಪೂರ್ತಿ ಒಣಗಿ ಬಿರುಕು ಬಿಡುವ ಮುಂಚೆ, ಹೆಂಟೆ ಒಡೆಯುವ ಹದ ಇದ್ದಾಗ ಒಂದು ಅಡಿ ಆಳಕ್ಕೆ ಅಗೆದು ಹೆಂಟೆ ಬೋರಲು ಹಾಕಬೇಕು. ಬೇರುಗಳನ್ನು ಮಣ್ಣು ಕೊಡವಿ ತೆಗೆದು ಕಲ್ಲಿನ ಮೇಲೆ, ಇಲ್ಲವೆ ತಗಡಿನ ಮೇಲೆ ಹತ್ತು-ಹದಿನೈದು ದಿನ ಬಿಸಿಲಿಗೆ ಹಾಕಬೇಕು. ಬರಿ ಮಣ್ಣಿನ ಮೇಲೆ ಹಾಕಿದರೆ ಒಂದು ಅಡ್ಡಮಳೆ ಸಾಕು, ಬಿದ್ದಲ್ಲೇ ಚಿಗಿಯುತ್ತದೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ರೋಟಾವೇಟರ್. ಹಸಿ ಮಣ್ಣಿನಲ್ಲಿ ಅದು ಬೇರನ್ನು ಬೆರಳುದ್ದದ ತುಂಡು ಮಾಡುತ್ತದೆ, ತುಂಡಿಗೊಂದು ಗಿಡ. ನಾಲ್ಕು ಮಾರು ಜಾಗದಲ್ಲಿದ್ದ ಕರಕಿ ಹೊಲವೆಲ್ಲ ಹಬ್ಬುವುದು ಹೀಗೇ. ಪೂರ್ತಿ ನಿರ್ವಂಶ ಮಾಡಲಿಲ್ಲ ಅನ್ನಿ. ಗಣೇಶ ಚವತಿಗೆ ಬೇಕಾಗುವಷ್ಟನ್ನು ಬುಡ ಮುಚ್ಚಿದ ಸಿಮೆಂಟ್ ಕುಂಡದಲ್ಲಿ ಇಟ್ಟಿದೆ.

ಜೇಕು ಬೇರೆಯೇ ಜಾತಿಯ ಹಗೆ. ಅದರ ಗಡ್ಡೆಗಳು ಸರಪಳಿಯಂತೆ ಕೂಡಿರುತ್ತವೆ. ಮೇಲಿನ ಗಡ್ಡೆ ಜೀವಂತ ಇರುವವರೆಗೆ ಕೆಳಗಿನವು ಮಲಗಿರುತ್ತವೆ. ಮೇಲಿನದನ್ನು ಕಿತ್ತರೆ ಕೆಳಗಿನವು ಏಳುತ್ತವೆ. 'ಕಿತ್ತಷ್ಟೂ ಹೆಚ್ಚಾಗತೈತಿ' ಅನ್ನುವ ಮಾತು ಬಂದದ್ದು ಇದರಿಂದ. ಒಂದು ಗುಂಟೆಯಲ್ಲಿ ಬಿಸಿಲು ಹಾಸು ಮಾಡಿದೆವು: ಏಪ್ರಿಲ್ ನಡುವಿನಲ್ಲಿ ಮಣ್ಣು ಸಮ ಮಾಡಿ, ಒಂದು ಅಡಿ ತೊಯ್ಯುವಂತೆ ನೀರುಣಿಸಿ, ಮರುದಿನ ಪಾರದರ್ಶಕ ಪಾಲಿಥಿನ್ ಹಾಸಿ, ಅಂಚನ್ನು ಗೇಣುದ್ದದ ಕಾಲುವೆಯಲ್ಲಿ ಹೂತು ಆರು ವಾರ ಬಿಟ್ಟದ್ದು. ಹಾಳೆ ಕಪ್ಪಗಿರಬಾರದು, ಕಪ್ಪು ಹಾಳೆ ತಾನು ಕಾಯುತ್ತದೆಯೇ ಹೊರತು ಪಾರದರ್ಶಕ ಹಾಳೆಯಷ್ಟು ಮಣ್ಣನ್ನು ಕಾಯಿಸುವುದಿಲ್ಲ. 25 ಮೈಕ್ರಾನ್ ಹಾಳೆ ಶಾಖಕ್ಕೆ ಒಳ್ಳೆಯದು, ಆದರೆ ಮೇ ತಿಂಗಳ ಗಾಳಿಗೆ ಮತ್ತು ನಾಯಿ ಕಾಲಿಗೆ ತಡೆಯಲಿಲ್ಲ. 50 ಮೈಕ್ರಾನಿನದು ನಿಂತಿತು. ಇನ್ನೊಂದು ತೊಂದರೆ ಎರಿ ಮಣ್ಣಿನದೇ. ಮೂರನೇ ವಾರಕ್ಕೆ ಹಾಳೆಯ ಕೆಳಗೇ ಬಿರುಕು ಬಿಟ್ಟಿತು, ಬಿರುಕಿನ ದಾರಿಯಲ್ಲಿ ಹಬೆ ಹೊರಗೆ. ಅಂಚಿನಲ್ಲಿ ಪೈಪು ತೂರಿಸಿ ಇನ್ನೊಮ್ಮೆ ನೀರು ಕೊಟ್ಟ ಮೇಲೆ ಸರಿಹೋಯಿತು. ಮಸಾರಿ (ಕೆಂಪು) ಮಣ್ಣಿನಲ್ಲಿ ಈ ರಗಳೆ ಇರುವುದಿಲ್ಲ.

ಫಲ ಅರ್ಧ. ಮೇಲಿನ ನಾಲ್ಕು ಬೆರಳು ಮಣ್ಣಿನ ಗಡ್ಡೆ, ಬೀಜ ಎಲ್ಲ ಬೆಂದವು. ಗೇಣಿಗಿಂತ ಕೆಳಗಿದ್ದವು ಜೂನಿನ ಮಿರಗದ (ಮೃಗಶಿರಾ) ಮಳೆಗೆ ಮತ್ತೆ ತಲೆ ಎತ್ತಿದವು. ಅಲ್ಲಿಂದ ಮುಂದಿನ ಕೆಲಸ ಕುರಪಿಯದು. ಹದಿನೈದು ದಿನಕ್ಕೊಮ್ಮೆ, ಗಿಡಕ್ಕೆ ಐದಾರು ಎಲೆ ಬರುವ ಮೊದಲೇ ಕೆತ್ತಬೇಕು. ತಿಂಗಳು ದಾಟಿತೋ, ಅದು ಹೊಸ ಗಡ್ಡೆ ಕಟ್ಟಲು ಸುರು ಮಾಡುತ್ತದೆ, ಹಿಂದಿನ ಕೆಲಸವೆಲ್ಲ ನೀರಲ್ಲಿ ಹೋಮ. ಮೂರು ಸಲ ಕೆತ್ತಿದ ಮೇಲೆ ಗುಂಟೆಗೆ ಅರ್ಧ ಕಿಲೋದಂತೆ ಸೆಣಬಿನ ಬೀಜ ಒತ್ತಾಗಿ ಚೆಲ್ಲಿದೆವು. ಜೇಕಿಗೂ ಕರಕಿಗೂ ನೆರಳು ಆಗಿಬರುವುದಿಲ್ಲ. ಸೆಣಬು ಎದೆಯೆತ್ತರ ಬಂದರೆ ಕೆಳಗೆ ಅವು ಬೆಳ್ಳಗಾಗಿ ಸೊರಗುತ್ತವೆ. ಹೂ ಬಿಡುವ ಮುಂಚೆ, ಸುಮಾರು 45 ದಿನಕ್ಕೆ ಕಡಿದು ಅಲ್ಲೇ ಮುಗ್ಗಿಸಬೇಕು.

ಕಾಂಗ್ರೆಸ್ ಕಸ ಸುಲಭ, ತುರಿಕೆಯೊಂದನ್ನು ಬಿಟ್ಟರೆ. ನೆಲಕ್ಕೆ ಅಂಟಿ ಚಕ್ರದಂತೆ ಎಲೆ ಹರಡಿರುವಾಗ, ಮಳೆ ಬಿದ್ದ ಮರುದಿನ, ಕೈಗವಸು ಹಾಕಿ ಬೇರುಸಮೇತ ಕೀಳಬೇಕು. ಹೂ ಬಂದ ಮೇಲೆ ಕಿತ್ತರೆ ಒಂದೊಂದು ಗಿಡ ಸಾವಿರಾರು ಬೀಜ ಉದುರಿಸಿಯೇ ಹೋಗುತ್ತದೆ, ಪರಾಗ ಮೂಗಿಗೆ ಬರುತ್ತದೆ. ಖಾಲಿಯಾದ ಜಾಗಕ್ಕೆ ತಗಚಿ ಬೀಜ ಚೆಲ್ಲಿದರೆ ಅದು ಜಾಗ ಹಿಡಿದು ಇದನ್ನು ಏಳಗೊಡುವುದಿಲ್ಲ.

ಫೋನಿನಲ್ಲಿ ಓಡಾಡುವ ಒಂದು 'ಮನೆಮದ್ದು' ಇದೆ: ವಿನೆಗರ್, ಉಪ್ಪು, ಪಾತ್ರೆ ಸೋಪು ಕಲಸಿ ಹೊಡೆಯುವುದು. ಅಡುಗೆ ವಿನೆಗರ್ ಎಲೆಯನ್ನು ಸುಡುತ್ತದೆ, ಬೇರಿಗೆ ಏನೂ ಆಗುವುದಿಲ್ಲ. ಉಪ್ಪಿನ ಗತಿ ಅದಕ್ಕಿಂತ ಕೆಟ್ಟದು. ಎರಿ ಮಣ್ಣಿಗೆ ಸೋಡಿಯಂ ಸೇರಿದರೆ ಮಣ್ಣು ಕಟ್ಟಿಕೊಂಡು ನೀರು ಇಂಗದಂತಾಗುತ್ತದೆ, ಅದನ್ನು ಸರಿಮಾಡಲು ಜಿಪ್ಸಂ ಹಾಕುತ್ತ ವರ್ಷಗಟ್ಟಲೆ ಕೂಡಬೇಕು. ಅಂಗಳದ ಫರಸಿ ಸಂದಿಯ ಕಸಕ್ಕೆ ಕುದಿಯುವ ನೀರು ಸಾಕು. ಒಂದೇ ಸಲಕ್ಕೆ ಸಾಯದು, ಎರಡು ವಾರಕ್ಕೊಮ್ಮೆ ಮೂರು-ನಾಲ್ಕು ಸಲ ಸುರಿಯಬೇಕು.

ಅದೇ ಬೇಸಿಗೆಯಲ್ಲಿ ಕಾಳುಕಡಿ ತುಂಬುವ ಕೆಲಸವೂ ಬಂತು. ಮನೆಯೊಳಗಿನ ಅತಿ ಅಪಾಯದ ವಸ್ತು ಇಲ್ಲಿತ್ತು. ಕಾಳಿನ ಗುಳಿಗೆ ಎಂದರೆ ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯ ತೇವ ತಾಗಿದರೆ ಫಾಸ್ಫೀನ್ ಅನಿಲ ಬಿಡುತ್ತದೆ, ಅದಕ್ಕೂ ಪ್ರತಿವಿಷ ಇಲ್ಲ. ಮಲಗುವ ಕೋಣೆಯಲ್ಲಿ ಡ್ರಮ್ಮು, ಡ್ರಮ್ಮಿನಲ್ಲಿ ಗುಳಿಗೆ ಎಂಬ ಏರ್ಪಾಡು ಹೊಲಕ್ಕೆ ಹೊಡೆಯುವ ಯಾವ ಎಣ್ಣಿಗಿಂತಲೂ ಮನೆಮಂದಿಗೆ ಹತ್ತಿರದ ಗಂಡಾಂತರ.

ನಮ್ಮ ಸೀಮೆಯವರಿಗೆ ಇದರ ಉತ್ತರ ಮೊದಲೇ ಗೊತ್ತಿತ್ತು. ಹಗೇವು ಎಂಬ ನೆಲದೊಳಗಿನ ಕಣಜದಲ್ಲಿ ಜೋಳ ತುಂಬಿ ಬಾಯಿ ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಒಳಗಿನ ಕಾಳು, ಹುಳ ಉಸಿರಾಡಿ ಆಮ್ಲಜನಕ ಮುಗಿಸುತ್ತವೆ, ಹುಳ ಸಾಯುತ್ತವೆ. ತೆರೆದ ಮೇಲೆ ದೀಪ ಇಳಿಬಿಟ್ಟು, ಆರದಿದ್ದರೆ ಮಾತ್ರ ಆಳು ಇಳಿಯುತ್ತಿದ್ದುದೂ ಅದಕ್ಕೇ. ಇದೇ ಯುಕ್ತಿ ಡ್ರಮ್ಮಿಗೂ ನಡೆಯುತ್ತದೆ. 200 ಲೀಟರಿನ ಡ್ರಮ್ಮಿಗೆ ಸುಮಾರು 150 ಕಿಲೋ ಜೋಳ ಹಿಡಿಯುತ್ತದೆ. ಕಂಠದವರೆಗೆ ತುಂಬಬೇಕು, ಮೇಲೆ ಜಾಗ ಬಿಟ್ಟರೆ ಗಾಳಿ ಉಳಿಯುತ್ತದೆ. ಮುಚ್ಚಳದ ಸುತ್ತ ಹಳೆ ಸೈಕಲ್ ಟ್ಯೂಬು ಬಿಗಿದು ಎರಡು ತಿಂಗಳು ತೆರೆಯಬಾರದು. ಕೆಡುವುದು ಎರಡು ಕಾರಣಕ್ಕೆ. ಒಂದು, ವಾರಕ್ಕೊಮ್ಮೆ ಅದೇ ಡ್ರಮ್ಮು ತೆರೆಯುವುದು. ಮೂರು ತಿಂಗಳ ಜೋಳವನ್ನು ಸಣ್ಣ ಡಬ್ಬಿಗೆ ಮೊದಲೇ ತೆಗೆದಿಟ್ಟರೆ ಆಯಿತು. ಎರಡು, ಕಾಳು ಹಸಿ ಇರುವುದು. ಒಣ ಗಾಜಿನ ಬಾಟಲಿಗೆ ಮೂರನೇ ಒಂದು ಪಾಲು ಕಾಳು, ಒಂದು ಹಿಡಿ ಒಣ ಉಪ್ಪು ಹಾಕಿ ಕುಲುಕಿ ಕಾಲು ತಾಸು ಬಿಡಿ. ಉಪ್ಪು ಗಾಜಿಗೆ ಅಂಟಿದರೆ ತೇವ 15 ಪ್ರತಿಶತಕ್ಕಿಂತ ಹೆಚ್ಚು, ಇನ್ನೂ ಬಿಸಿಲು ಬೇಕು. ಹಸಿ ಕಾಳನ್ನು ಗಾಳಿಯಾಡದಂತೆ ಮುಚ್ಚಿದರೆ ಹುಳದ ಬದಲು ಬೂಸ್ಟು ಬರುತ್ತದೆ, ಅದು ಹುಳಕ್ಕಿಂತ ಕೇಡು.

ಹೆಸರು, ಕಡಲೆ, ಅಲಸಂದಿಗೆ ಬಿಸಿಲೇ ಔಷಧ. ಕಪ್ಪು ತಾಡಪತ್ರಿಯ ಮೇಲೆ ಬೆರಳ ದಪ್ಪ ಹರಡಿ, ಮೇಲೆ ಪಾರದರ್ಶಕ ಹಾಳೆ ಹೊದಿಸಿ ಸುತ್ತ ಕಲ್ಲು ಹೇರಿ, ಮೇ ತಿಂಗಳ ನಡುಮಧ್ಯಾಹ್ನ ಎರಡು ತಾಸು ಬಿಡುವುದು. ಕಾಳಿನ ಶಾಖ 57 ಡಿಗ್ರಿ ಒಂದು ತಾಸು ನಿಂತರೆ ತತ್ತಿಯಿಂದ ಹಿಡಿದು ದುಂಬಿಯವರೆಗೆ ಎಲ್ಲ ಸಾಯುತ್ತವೆ. ತಣ್ಣಗಾದ ಮೇಲೆ ಕಿಲೋಗೆ 5 ಮಿಲಿಲೀಟರ್ ಹರಳೆಣ್ಣೆ ತಿಕ್ಕಿ ಡಬ್ಬಿಗೆ. ಇದಕ್ಕಿಂತ ಹೆಚ್ಚು ಹಾಕಿದರೆ ಬೇಳೆ ಕಮಟು ವಾಸನೆ ಬರುತ್ತದೆ. ಬಿತ್ತುವ ಬೀಜಕ್ಕೆ ಈ ಬಿಸಿಲ ಉಪಚಾರ ಬೇಡ, ಎಣ್ಣೆ ಸಾಕು.

ಮಿರಗದ ಮಳೆ ಬಿತ್ತು ಅಂದರೆ ಸುತ್ತಲ ಹೊಲಗಳಲ್ಲಿ ಪಂಪಿನ ಸದ್ದು ಸುರು. ಎಲ್ಲ ಕಳೆನಾಶಕಗಳೇ: ಹಾವೇರಿ ಕಡೆಯ ಗೋವಿನಜೋಳಕ್ಕೆ (ಮೆಕ್ಕೆಜೋಳ) ಬಿತ್ತಿದ ಬೆನ್ನಲ್ಲೇ ಅಟ್ರಾಜಿನ್, ಉಳ್ಳಾಗಡ್ಡಿ-ಶೇಂಗಾಕ್ಕೆ ಪೆಂಡಿಮೆಥಾಲಿನ್, ಆಮೇಲೆ ಜೋಳ-ಗೋವಿನಜೋಳದ ಅಗಲ ಎಲೆಯ ಕಸಕ್ಕೆ 2,4-ಡಿ. ಮಳೆ ಎಂಟು-ಹತ್ತು ದಿನ ಬಿಡದೆ ಹಿಡಿದರೆ ಎರಿ ಹೊಲಕ್ಕೆ ಕಾಲಿಡಲಾಗುವುದಿಲ್ಲ, ಸಾಲುಗಳ ನಡುವಿನ ಕಸ ತೆಗೆಯುವ ಎಡಿಕುಂಟಿ ನಡೆಯುವುದಿಲ್ಲ, ಕಸ ಬೆಳೆಯನ್ನು ನುಂಗುತ್ತದೆ. ರೈತರು ಎಣ್ಣಿಗೆ ಕೈ ಹಾಕುವುದು ಸೋಮಾರಿತನಕ್ಕಲ್ಲ. ಜಗಳಕ್ಕೆ ಹೋದವರಿಗೆ ಏನೂ ದಕ್ಕುವುದಿಲ್ಲ. "ಕಾಕಾರೀ, ಯಾವತ್ತು ಹೊಡೀತೀರಿ, ಏನ್ ಹೊಡೀತೀರಿ, ಒಂದ್ ದಿನ ಮೊದ್ಲ ಹೇಳ್ರಿ" ಅಂದರೆ ಹೇಳುತ್ತಾರೆ.

ಹೇಳಿದ ದಿನ ಮಾಡುವುದು ಇಷ್ಟು: ಒಣಗಲು ಹಾಕಿದ ಬಟ್ಟೆ ಒಳಗೆ, ಪಡುವಣ ಕಿಟಕಿ ಮುಚ್ಚಿ, ನೀರಿನ ಟಾಕಿ ಮತ್ತು ಬಾವಿಗೆ ಮುಚ್ಚಳ, ಮಕ್ಕಳು ಮತ್ತು ದನ ಆ ಕಡೆ ಹೋಗದಂತೆ ನೋಡುವುದು. ಮುಂಗಾರಿನಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಕಪ್ಪತಗುಡ್ಡದ ಗಾಳಿಯಂತ್ರ ತಿರುಗಿಸುವ ಗಾಳಿಯೇ ಅದು; ಹಾಗಾಗಿ ಮನೆಯ ಪಡುವಣಕ್ಕಿರುವ ಹೊಲ ಮುಖ್ಯ, ಮೂಡಣದ್ದು ಅಷ್ಟಲ್ಲ. ಗಾಳಿಯೇ ಇಲ್ಲದ ಸಂಜೆ ಹೊಡೆದರೆ ಒಳ್ಳೆಯದು ಎಂಬ ತಿಳಿವಳಿಕೆ ತಪ್ಪು. ಸಂಜೆ ನೆಲ ತಣ್ಣಗಾಗಿ ಮೇಲೆ ಬಿಸಿ ಗಾಳಿ ಕೂತಾಗ ಸಣ್ಣ ಹನಿಗಳು ನೆಲಕ್ಕೆ ಇಳಿಯದೆ, ಮೇಲೂ ಹೋಗದೆ ಮಂಜಿನಂತೆ ಊರ ಕಡೆ ತೇಲುತ್ತವೆ. ಬೆಳಿಗ್ಗೆ ಬಿಸಿಲು ಏರಿ, ಎಲೆ ಮೆಲ್ಲಗೆ ಅಲುಗುವಷ್ಟು ಗಾಳಿ ಇರುವ ಹೊತ್ತೇ ಸರಿ. ಕೀಟಕ್ಕೆ ಬಳಸುವ ಸಣ್ಣ ಹನಿಯ ನಳಿಕೆ ಬೇಡ. ಕಳೆಗೆಂದೇ ಇರುವ ಚಪ್ಪಟೆ ನಳಿಕೆಗೆ ಟೋಪಿ ಹಾಕಿ, ಒತ್ತಡ ಕಡಿಮೆ ಇಟ್ಟು, ಮೊಣಕಾಲಿನ ಎತ್ತರದಲ್ಲಿ ಹಿಡಿಯುವುದು. ಈ ಮಾತು ರೈತರಿಗೂ ಲಾಭದ್ದೇ: 2,4-ಡಿ ಗಾಳಿ ಹಿಡಿದ ಹತ್ತಿಯ ಎಲೆ ಬೆಂಡೆ ಎಲೆಯಂತೆ ಸೀಳಿ ನಿಲ್ಲುತ್ತದೆ. ಕಸಕ್ಕೆ ಬಳಸಿದ ಪಂಪಿನಲ್ಲೇ ಮೆಣಸಿನ ಗಿಡಕ್ಕೆ ಕೀಟನಾಶಕ ಹೊಡೆದು ಗಿಡ ಮುರುಟಿಸಿಕೊಂಡವರಿದ್ದಾರೆ. ಪಂಪು ಬೇರೆ ಇರಬೇಕು. ಆಗದಿದ್ದರೆ ತೊಳೆಯುವ ಸೋಡಾ ಕರಗಿಸಿದ ನೀರು ತುಂಬಿ ರಾತ್ರಿಯಿಡೀ ಬಿಟ್ಟು, ನಳಿಕೆ-ಪೈಪುಸಮೇತ ಮೂರು ಸಲ ತೊಳೆಯಬೇಕು.

ಮಾಳಿಗೆ ನೀರು ಹಿಡಿಯುವವರಿಗೆ ಇದೇ ಕಾಲ. ನೂರು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ನೂರು ಲೀಟರ್. ಮೊದಲ 200 ಲೀಟರ್ ಹೊರಗೆ ಬಿಡುವ ಕವಾಟ ಇಟ್ಟೆವು. ಪಕ್ಕದಲ್ಲಿ ಎಣ್ಣಿ ಹೊಡೆದ ವಾರದ ಮೊದಲ ಮಳೆಯನ್ನು ಪೂರ್ತಿ ಬಿಟ್ಟೇಬಿಟ್ಟೆವು. ಕುಡಿಯುವ ನೀರಿನ ವಿಷಯದಲ್ಲಿ ಜನ ಎರಡು ಬೇರೆ ರೋಗಕ್ಕೆ ಒಂದೇ ಮದ್ದು ಹುಡುಕುತ್ತಾರೆ. ಕುದಿಸಿದರೆ ಕ್ರಿಮಿ ಸಾಯುತ್ತವೆ. ಅಟ್ರಾಜಿನ್, ಫ್ಲೋರೈಡ್, ನೈಟ್ರೇಟ್ ಎಲ್ಲಿಗೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಲವಣ ಗಟ್ಟಿಯಾಗುತ್ತದೆ. ಇದ್ದಿಲಿನ ಫಿಲ್ಟರ್ ಅಟ್ರಾಜಿನ್‌ನಂಥದನ್ನು ಹಿಡಿಯುತ್ತದೆ, ಫ್ಲೋರೈಡ್ ಹಿಡಿಯುವುದಿಲ್ಲ. ಗದಗ ಜಿಲ್ಲೆಯಲ್ಲಿ, ಅದರಲ್ಲೂ ಮುಂಡರಗಿ ಕಡೆ, ಬೋರಿನ ನೀರಿಗೆ ಫ್ಲೋರೈಡ್ ಪರೀಕ್ಷೆ ಮೊದಲು, ಉಳಿದದ್ದೆಲ್ಲ ಆಮೇಲೆ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ಮೂಲವೇ ಇಲ್ಲದಿದ್ದರೆ 1.5ರ ತನಕ, ನೈಟ್ರೇಟ್ 45 ದಾಟಬಾರದು. ದಾಟಿದರೆ ಆರ್‌ಒ, ಇಲ್ಲವೆ ಮಳೆನೀರು. ಮೀರದಿದ್ದರೆ ಆರ್‌ಒಗೆ ದುಡ್ಡು ಸುರಿದು ಅರ್ಧ ನೀರು ಗಟಾರಕ್ಕೆ ಬಿಡುವುದು ಈ ಬರಗಾಲದ ಸೀಮೆಗೆ ಸಲ್ಲದು.

ಹೊಸ್ತಿಲ ಕೆಲಸ ಸಣ್ಣದು, ಫಲ ದೊಡ್ಡದು. ಹುಲ್ಲಿಗೆ ಹೊಡೆದ 2,4-ಡಿ ಚಪ್ಪಲಿ ಮತ್ತು ನಾಯಿಯ ಪಾದ ಹಿಡಿದು ಮನೆಯೊಳಗಿನ ಧೂಳಿಗೆ ಸೇರುವುದನ್ನು ಅಮೆರಿಕದಲ್ಲಿ 1990ರ ದಶಕದಲ್ಲೇ ಅಳೆದು ತೋರಿಸಿದ್ದಾರೆ. ಒಳಗೆ ಬಿಸಿಲಿಲ್ಲ, ಮಳೆಯಿಲ್ಲ. ಹೊರಗಿಗಿಂತ ನಿಧಾನವಾಗಿ ಕರಗುತ್ತದೆ. ಚಪ್ಪಲಿ ಹೊರಗೆ ಬಿಡುವುದು ನಮ್ಮಲ್ಲಿ ರೂಢಿಯೇ ಇದೆ, ಆದರೆ ಹೊಲದ ಬೂಟು ಪಡಸಾಲೆಗೆ ಬರುತ್ತದೆ. ಒಣ ಕಸಬರಿಗೆ ಬದಲು ಒದ್ದೆ ಬಟ್ಟೆಯಲ್ಲಿ ಒರೆಸುವುದು, ತೆವಳುವ ಮಗು ಇದ್ದರೆ ದಿನಾ. ಎಣ್ಣಿ ಹೊಡೆದವರ ಬಟ್ಟೆ ಬಚ್ಚಲಿನ ಹೊರಗೇ ಬೇರೆ ಬುಟ್ಟಿಗೆ. ಅದನ್ನಷ್ಟೇ ಬಿಸಿನೀರಿನಲ್ಲಿ ಎರಡು ಸಲ ಒಗೆದು ಬಿಸಿಲಿಗೆ ಹಾಕಬೇಕು. ಮಷಿನ್ ಇದ್ದರೆ ಆಮೇಲೆ ಒಮ್ಮೆ ಖಾಲಿ ಓಡಿಸುವುದು. ಮೂಲ ಔಷಧವೇ ಚೆಲ್ಲಿದ ಬಟ್ಟೆ ಒಗೆದರೂ ಹೋಗುವುದಿಲ್ಲ, ಒಗೆಯುವವರಿಗೇ ಅಪಾಯ; ಅದನ್ನು ಎಸೆಯಬೇಕು.

ಸೊಳ್ಳೆ ಕಾಯಿಲ್ ಬಗ್ಗೆ ಎರಡೇ ಮಾತು. ಒಂದು ಕಾಯಿಲ್ ಉರಿದು ಬಿಡುವ ಸೂಕ್ಷ್ಮ ಕಣ 75ರಿಂದ 137 ಸಿಗರೇಟಿನಷ್ಟು ಎಂದು 2003ರ ಅಧ್ಯಯನ ಅಳೆದಿದೆ; ಬ್ರ್ಯಾಂಡಿನ ಮೇಲೆ ಏರುಪೇರು. ಪರದೆ ಕಟ್ಟಿ, ಟಾಕಿಯ ಓವರ್‌ಫ್ಲೋ ಪೈಪಿಗೆ ಬಲೆ ಬಿಗಿಯಿರಿ.

ಅಡುಗೆಮನೆಯಲ್ಲಿ ನಮ್ಮ ಊಟದ ರೀತಿಯೇ ಲೆಕ್ಕಕ್ಕೆ ಬರುತ್ತದೆ. ಬೇರೆ ಕಡೆಯವರು ಸೊಪ್ಪು ಬೇಯಿಸುತ್ತಾರೆ. ನಾವು ರೊಟ್ಟಿಯ ಮಗ್ಗುಲಿಗೆ ಮೆಂತೆ ತಪ್ಪಲು, ಹಕ್ಕರಿಕೆ, ಉಳ್ಳಾಗಡ್ಡಿ ತಪ್ಪಲು, ಸವತಿಕಾಯಿ, ಮೂಲಂಗಿ ಹಸಿಹಸಿಯಾಗಿ ತಿನ್ನುತ್ತೇವೆ. ಹಾಗಾಗಿ ತೊಳೆಯುವುದು ಇಲ್ಲಿ ಹೆಚ್ಚು ಮುಖ್ಯ. ಒಂದು ಲೀಟರ್ ನೀರಿಗೆ 10 ಗ್ರಾಂ ಅಡುಗೆ ಸೋಡಾ, ಅಂದರೆ ಎರಡು ಚಹಾ ಚಮಚೆ. 12ರಿಂದ 15 ನಿಮಿಷ ನೆನೆಸಿ, ಎರಡು ನೀರಿನಲ್ಲಿ ತೊಳೆಯುವುದು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದವರು 2017ರಲ್ಲಿ ಸೇಬಿನ ಮೇಲೆ ಪರೀಕ್ಷಿಸಿದ್ದು ಇದೇ ಪ್ರಮಾಣ. ಸಿಪ್ಪೆಯ ಮೇಲಿನ ಎರಡು ಔಷಧಗಳೂ ಆ ಹೊತ್ತಿಗೆ ಹೋಗಿದ್ದವು, ಬರಿ ನೀರಿಗೆ ಹೋಗಿರಲಿಲ್ಲ. ಆದರೆ ಒಂದು ಔಷಧದ ಐದನೇ ಒಂದು ಪಾಲು ಸಿಪ್ಪೆಯೊಳಗೆ ಇಳಿದಿತ್ತು, ಅದನ್ನು ಸೋಡಾ ಮುಟ್ಟಲಿಲ್ಲ. ಬೇರಿನಿಂದ, ಎಲೆಯಿಂದ ಗಿಡದೊಳಗೆ ಹರಿಯುವ ಔಷಧಗಳಿಗೆ ತೊಳೆಯುವುದು ಮದ್ದೇ ಅಲ್ಲ. ಗ್ಲೈಫೋಸೇಟ್ ಆ ಜಾತಿಯದು. ಪಾತ್ರೆ ಸೋಪಿನಲ್ಲಿ ತರಕಾರಿ ತೊಳೆಯಬಾರದು, ಒಂದು ತೆಗೆಯಲು ಹೋಗಿ ಇನ್ನೊಂದು ಮೆತ್ತಿದಂತೆ. ಪೊಟ್ಯಾಶಿಯಂ ಪರ್ಮಾಂಗನೇಟಿನ ಬಣ್ಣದ ನೀರು ಕ್ರಿಮಿಗೆ ಹೊರತು ಕೀಟನಾಶಕಕ್ಕಲ್ಲ. ಕರಿಬೇವನ್ನು ಎಸಳು ಬಿಡಿಸಿಯೇ ನೆನೆಸಬೇಕು. ಇಲ್ಲವಾದರೆ ಹಿತ್ತಲಲ್ಲಿ ಒಂದು ಗಿಡ ಹಚ್ಚಿ. ಜೇಕು ತೆಗೆದ ಜಾಗಕ್ಕೆ ನಾವು ಹಚ್ಚಿದ್ದು ಅದನ್ನೇ.

ತೊಳೆಯಲಾಗದ್ದನ್ನು ಆರಿಸಿ ಕೊಳ್ಳುವುದೊಂದೇ ದಾರಿ. ಹಿಂಗಾರಿ ಬಿಳಿಜೋಳ ಎರಿ ನೆಲದಲ್ಲಿ ಉಳಿದ ಹಸಿಯ ಮೇಲೇ ಬರುವ ಬೆಳೆ, ಅದಕ್ಕೆ ಎಣ್ಣಿ ಹೊಡೆಯುವವರು ಕಡಿಮೆ. ಮಸೂರ ಬೇಳೆಯ ಕಥೆ ಬೇರೆ. ದೇಶಕ್ಕೆ ಹೊರಗಿನಿಂದ ಬರುವ ಮಸೂರದಲ್ಲಿ ದೊಡ್ಡ ಪಾಲು ಕೆನಡಾ, ಆಸ್ಟ್ರೇಲಿಯಾದ್ದು. ಕೆನಡಾದಲ್ಲಿ ಕೊಯ್ಲಿಗೆ ಮುನ್ನ ಮಸೂರದ ಹೊಲಕ್ಕೆ ಗ್ಲೈಫೋಸೇಟ್ ಹೊಡೆಯಲು ಅನುಮತಿಯೇ ಇದೆ. ನವಲಗುಂದ, ರೋಣದ ಕಡಲೆ-ಹೆಸರು ಮನೆ ಬಾಗಿಲಿಗೇ ಸಿಗುವಾಗ ಅದರ ಹಂಗು ಯಾಕೆ. ಸಾವಯವ ಎಂದು ಕೊಳ್ಳುವುದಾದರೆ ಪೊಟ್ಟಣದ ಮೇಲೆ, ರೈತರ ಗುಂಪುಗಳು ಒಬ್ಬರನ್ನೊಬ್ಬರು ಪರಿಶೀಲಿಸಿ ಕೊಡುವ ಪಿಜಿಎಸ್ ಗುರುತಿನಲ್ಲಿ, 'ಪಿಜಿಎಸ್ ಗ್ರೀನ್' ಇದೆಯೋ 'ಪಿಜಿಎಸ್ ಆರ್ಗ್ಯಾನಿಕ್' ಇದೆಯೋ ನೋಡಿ: ಗ್ರೀನ್ ಎಂದರೆ ಹೊಲ ಇನ್ನೂ ಬದಲಾಗುತ್ತಿದೆ ಎಂದರ್ಥ.

ಬ್ಯಾಡಗಿ ಮೆಣಸಿನಕಾಯಿಯನ್ನು ಪುಡಿಯಾಗಿ ಅಲ್ಲ, ಇಡಿಯಾಗಿ ಕೊಂಡು ಹತ್ತರಲ್ಲಿ ಒಂದನ್ನು ಸೀಳಿ ನೋಡಬೇಕು. ಒಳಗೆ ಬೂದು ಬೂಸ್ಟು ಕಂಡರೆ ಆ ಚೀಲವೇ ಬೇಡ, ಅದು ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಇರಬಹುದಾದ ಗುರುತು. ಮೆಣಸಿನಕಾಯಿಯನ್ನು ನೀರಿಗೆ ಹಾಕಿ ತೊಳೆಯುವವರು ಅರ್ಧಂಬರ್ಧ ಒಣಗಿಸಿ ತಾವೇ ಬೂಸ್ಟು ಬರಿಸುತ್ತಾರೆ. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಎರಡು ದಿನ ಕಟ್ಟಾ ಬಿಸಿಲು ಕೊಟ್ಟು, ತೊಟ್ಟು ಮುರಿದು ಕುಟ್ಟುವುದು. ಗಿರ್ಮಿಟ್, ಮಿರ್ಚಿಗೆ ಡಬ್ಬಿ ಒಯ್ಯಿರಿ. ಸುದ್ದಿಪತ್ರಿಕೆಯಲ್ಲಿ ತಿನಿಸು ಕಟ್ಟುವುದನ್ನು 2018ರ ಪ್ಯಾಕೇಜಿಂಗ್ ನಿಯಮದಲ್ಲೇ ನಿಷೇಧಿಸಿದ್ದಾರೆ, ಬಿಸಿ ಎಣ್ಣೆಗೆ ಮಸಿ ಇಳಿಯುತ್ತದೆಂದು.

ಕೊನೆಗೆ ಬಂದದ್ದು ಗೊಬ್ಬರ. ಹಿತ್ತಲಿಗೆ ಟ್ರ್ಯಾಕ್ಟರಿನಲ್ಲಿ ತರಿಸುವ ತಿಪ್ಪೆಗೊಬ್ಬರದಲ್ಲಿ, ಮಣ್ಣಿನ ಮೇಲೆ ಮುಚ್ಚಿಗೆಗೆ ತರುವ ಗೋವಿನಜೋಳದ ರವದಿಯಲ್ಲಿ (ಒಣ ಎಲೆ) ಕಳೆನಾಶಕ ಉಳಿದು ಬರಬಹುದು. ಇದಕ್ಕೆ ಪ್ರಯೋಗಾಲಯ ಬೇಕಿಲ್ಲ. ಮೂರು ಕುಂಡಕ್ಕೆ ತಂದ ಗೊಬ್ಬರ ಮತ್ತು ಒಳ್ಳೆಯ ಮಣ್ಣು ಸಮಸಮ; ಇನ್ನು ಮೂರಕ್ಕೆ ಮನೆಯದೇ ಹಳೆ ಗೊಬ್ಬರ ಮತ್ತು ಅದೇ ಮಣ್ಣು. ಎಲ್ಲಕ್ಕೂ ನಾಲ್ಕು ಸವತಿ ಬೀಜ, ನಾಲ್ಕು ಅವರೆ ಬೀಜ. ಕೆಳಗೆ ತಟ್ಟೆ ಬೇರೆ ಬೇರೆ ಇಡಬೇಕು, ಒಂದರ ನೀರು ಇನ್ನೊಂದಕ್ಕೆ ಹೋದರೆ ಪರೀಕ್ಷೆ ಕೆಟ್ಟಿತು. ಮೂರು ವಾರ ನೋಡುವುದು. ಸವತಿಯ ಕೆಳಗಿನ ಎಲೆ ಅಂಚಿನಿಂದ ಹಳದಿಯಾಗಿ ಸುಡುತ್ತ ಬಂದರೆ ಅಟ್ರಾಜಿನ್ ಗುಮಾನಿ. ಅವರೆಯ ಹೊಸ ಎಲೆ ಬಟ್ಟಲಿನಂತೆ ಮಡಚಿ ಕಾಂಡ ತಿರುಚಿದರೆ 2,4-ಡಿ ಜಾತಿಯದು. ಗ್ಲೈಫೋಸೇಟ್ ಈ ಪರೀಕ್ಷೆಗೆ ಸಿಗುವುದಿಲ್ಲ, ಮಣ್ಣಿಗೆ ಗಟ್ಟಿಯಾಗಿ ಅಂಟಿಕೊಂಡು ಬೇರಿಗೆ ಬರುವುದಿಲ್ಲ. ಹೋದ ಸಲ ಮಾಡಿದಾಗ ಆದ ತಪ್ಪು, ಇನ್ನೂ ಕಾವು ಆರದ ಹಸಿ ಸಗಣಿ ಹಾಕಿದ್ದು. ಮೊಳಕೆಯೇ ಬೆಂದು ಹೋದವು, ಅದನ್ನು ಎಣ್ಣಿಯ ಲಕ್ಷಣ ಎಂದು ಓದಿ ಒಂದು ಟ್ರೇಲರ್ ಗೊಬ್ಬರ ಸುಮ್ಮನೆ ತಿರುಗಿ ಕಳಿಸಿದ್ದಾಯಿತು.

ಈ ಸಲದ ಗೊಬ್ಬರವನ್ನು ಎರಡು ತಿಂಗಳು ಆರಲು ಬಿಟ್ಟು ಆರೂ ಕುಂಡಗಳನ್ನು ಕಟ್ಟೆಯ ಮೇಲೆ ಇಟ್ಟಿದೆ. ಇಂದಿಗೆ ಹದಿಮೂರು ದಿನ. ಸವತಿಗೆ ಮೂರನೇ ಎಲೆ ಬಂದಿದೆ, ಬಣ್ಣ ಸರಿ ಇದೆ. ಎರಡನೇ ಕುಂಡದಲ್ಲಿ ಮಾತ್ರ ಅವರೆಯ ಒಂದು ಎಲೆ ತುಸು ಮಡಚಿದೆ. ನೀರು ಕಡಿಮೆಯಾಗಿಯೂ ಇರಬಹುದು. ಇನ್ನೊಂದು ವಾರ ಕಾದು ನೋಡಬೇಕು.